ಹಳೇ ಜೆರ್ಸಿ, ಹೊಸ ರೇಟು

ಮತ್ತೊಂದು ಇಂಗ್ಲಿಷ್ ಫುಟ್ಬಾಲ್ ಕ್ಲಬ್ ತನ್ನ ತೊಂಬತ್ತರ ದಶಕದ ಜೆರ್ಸಿಯನ್ನು ಮತ್ತೆ ಹೊಲಿಸಿ ಮಾರಾಟಕ್ಕಿಟ್ಟಿದೆ. ಯಾವ ಕ್ಲಬ್ ಅಂತ ಹೇಳಿ ಪ್ರಯೋಜನವಿಲ್ಲ, ನೀವು ಇದನ್ನು ಓದುವಷ್ಟರಲ್ಲಿ ಇನ್ನೊಂದು ಕ್ಲಬ್ ಅದನ್ನೇ ಮಾಡಿರುತ್ತದೆ. ಜಾಹೀರಾತಿನ ವಿಡಿಯೋ ನೋಡಿರುತ್ತೀರಿ. ಕೆಂಪು ಇಟ್ಟಿಗೆಯ ಸಾಲು ಮನೆಗಳು, ವಿಸಿಆರ್ ಟೇಪಿನಂತೆ ನಡುಗುವ ಚಿತ್ರ, ಹಿನ್ನೆಲೆಯಲ್ಲಿ ಪಿಯಾನೋ. ಒಬ್ಬ ಅಜ್ಜ ಮೊಮ್ಮಗನ ಕುತ್ತಿಗೆಗೆ ಕ್ಲಬ್ಬಿನ ಮಫ್ಲರ್ ಸುತ್ತುತ್ತಾನೆ. ಇಬ್ಬರೂ ಕೈ ಹಿಡಿದು ಸ್ಟೇಡಿಯಂ ಕಡೆ ನಡೆಯುತ್ತಾರೆ. ಒಳಗೆ ಹೋಗುವುದನ್ನು ಮಾತ್ರ ತೋರಿಸುವುದಿಲ್ಲ. ಟಿಕೆಟ್ ಕೊಳ್ಳಬೇಕಾಗುತ್ತಲ್ಲ.

ಕ್ಲಬ್ಬುಗಳ ಈ ಜಾಣತನವನ್ನು ಮೆಚ್ಚಲೇಬೇಕು. ಹೊಸ ಆಟಗಾರನನ್ನು ಕೊಳ್ಳಬೇಕಾದರೆ ಕೋಟಿಗಟ್ಟಲೆ ಸುರಿಯಬೇಕು. ಹಳೇ ಆಟಗಾರನ ನೆನಪಿಗೆ ವರ್ಗಾವಣೆ ಶುಲ್ಕವಿಲ್ಲ, ಏಜೆಂಟ್ ಇಲ್ಲ, ಮಂಡಿ ನೋವೂ ಇಲ್ಲ. ಆ ನೆನಪು ಅಭಿಮಾನಿಯ ತಲೆಯಲ್ಲೇ ಪುಕ್ಕಟೆಯಾಗಿ ಇದೆ. ಅದಕ್ಕೊಂದು ಪಾಲಿಯೆಸ್ಟರ್ ಬಟ್ಟೆ ಹೊದಿಸಿ ಅವನಿಗೇ ಮಾರಿದರಾಯಿತು.

ಅದೂ ಎಂಥೆಂಥ ಬಟ್ಟೆ! ಆರ್ಸೆನಲ್ 1991ರಿಂದ 93ರವರೆಗೆ ಹೊರಗಿನ ಪಂದ್ಯಗಳಿಗೆ ಹಾಕಿದ ಹಳದಿ ಜೆರ್ಸಿ ನೆನಪಿದೆಯಾ? ಹಳದಿ ಮೇಲೆ ಕಪ್ಪು ಅಂಕುಡೊಂಕು ಗೆರೆ. ಜನ ಅದಕ್ಕೆ 'ಜಜ್ಜಿದ ಬಾಳೆಹಣ್ಣು' ಅಂತಲೇ ಹೆಸರಿಟ್ಟಿದ್ದರು. ಆಗ ನಕ್ಕವರೇ ಈಗ ಅದನ್ನು ಕಲಾಕೃತಿ ಅಂತಾರೆ. ಇನ್ನು ಮ್ಯಾಂಚೆಸ್ಟರ್ ಯುನೈಟೆಡ್‌ನ ಬೂದು ಜೆರ್ಸಿ. 1996ರ ಏಪ್ರಿಲ್ 13, ಎದುರಾಳಿ ಸೌತಾಂಪ್ಟನ್, ಕೆಳಗಿನ ಡಿವಿಷನ್‌ಗೆ ಬೀಳುವ ಅಂಚಿನಲ್ಲಿದ್ದ ತಂಡ. ಅರ್ಧ ಆಟ ಮುಗಿದಾಗ ಯುನೈಟೆಡ್ 3-0 ಹಿಂದೆ. ಮ್ಯಾನೇಜರ್ ಫರ್ಗುಸನ್ ಸಾಹೇಬರು ಎಲ್ಲರಿಗೂ ಜೆರ್ಸಿ ಬದಲಾಯಿಸಲು ಹೇಳಿದರು. ಕಾರಣ? ಬೂದು ಬಣ್ಣ ಗ್ಯಾಲರಿಯ ಜನರ ಬಣ್ಣದಲ್ಲಿ ಬೆರೆತು ಆಟಗಾರರಿಗೆ ಒಬ್ಬರಿಗೊಬ್ಬರು ಕಾಣಿಸುತ್ತಿರಲಿಲ್ಲವಂತೆ. ಸೌತಾಂಪ್ಟನ್‌ನವರಿಗೆ ಮಾತ್ರ ಎಲ್ಲವೂ ಚೆನ್ನಾಗಿ ಕಾಣಿಸುತ್ತಿತ್ತು, ಗೋಲ್ ಪೋಸ್ಟ್ ಸಮೇತ. ಕೊನೆಗೆ 3-1ರಲ್ಲಿ ಸೋತರು, ಆದರೆ ಆ ವರ್ಷ ಲೀಗನ್ನೂ ಎಫ್ಎ ಕಪ್ ಅನ್ನುವ ನಾಕೌಟ್ ಟೂರ್ನಿಯನ್ನೂ ಗೆದ್ದರು, ಅದು ಬೇರೆ ಮಾತು. ಒಂದೇ ಒಂದು ಪಂದ್ಯವನ್ನೂ ಗೆಲ್ಲಿಸದ ಆ ಅಂಗಿಗೂ ಈಗ ಹುಡುಕಾಟವಿದೆ. ಆಟಗಾರರಿಗೇ ಕಾಣಿಸದ ಜೆರ್ಸಿ ಹಾಕಿಕೊಂಡು ಜನರಿಗೆ ಕಾಣಿಸಿಕೊಳ್ಳುವ ಆಸೆ.

ನೆನಪಿನ ಮಾತು ಬಂದಾಗ ಸೀಫ್ಯಾಕ್ಸ್ ಬಗ್ಗೆ ಹೇಳದೆ ಹೋದರೆ ಹಳಬರು ನನ್ನನ್ನು ಕ್ಷಮಿಸುವುದಿಲ್ಲ. ಬಿಬಿಸಿಯವರು 1974ರಲ್ಲಿ ಶುರು ಮಾಡಿ 2012ರಲ್ಲಿ ನಿಲ್ಲಿಸಿದ ಸೇವೆ. ಟಿವಿ ಪರದೆ ಮೇಲೆ ಬರೀ ಅಕ್ಷರ. ಫುಟ್ಬಾಲಿಗೆ ಪುಟ 302. ಅದರಲ್ಲಿ ವಿಷಯ ಜಾಸ್ತಿಯಾದರೆ ಒಳಗೇ ಮೂರೋ ನಾಲ್ಕೋ ಪುಟ, ತಾವಾಗಿಯೇ ತಿರುಗುತ್ತಿದ್ದವು. ನಿಮ್ಮ ಕ್ಲಬ್ಬಿನ ಸ್ಕೋರು ಮೂರನೇ ಪುಟದಲ್ಲಿದ್ದು, ಆ ಹೊತ್ತಿಗೆ ಸರಿಯಾಗಿ ಸೀನು ಬಂತು ಅನ್ನಿ, ಮುಗಿಯಿತು, ಇಡೀ ಸುತ್ತು ತಿರುಗಿ ಬರುವವರೆಗೆ ಉಸಿರು ಬಿಗಿ ಹಿಡಿದು ಕಾಯಬೇಕು. ಸೊನ್ನೆ ಒಂದಾಗಿ ಬದಲಾಗುತ್ತದೆ. ಯಾರು ಹೊಡೆದರು ಅಂತ ತಿಳಿಯಲು ಇನ್ನೊಂದು ಪುಟ. ತೊಂಬತ್ತು ನಿಮಿಷ ಹೀಗೆ ಅಂಕಿ ನೋಡುತ್ತಾ ಕೂತು, ಎದ್ದು ಕುಣಿದು, ಕುರ್ಚಿಗೆ ಒದ್ದು, ಸಂಜೆ ಗೆಳೆಯರ ಹತ್ತಿರ 'ಏನು ಆಡಿದರಪ್ಪಾ ಇವತ್ತು' ಅನ್ನುತ್ತಿದ್ದರು. ಆಟ ಯಾರು ನೋಡಿದ್ದರು? ಕೆಲವು ಊರುಗಳಲ್ಲಿ ಶನಿವಾರ ಸಂಜೆಗೆಂದೇ ಗುಲಾಬಿ ಕಾಗದದಲ್ಲೋ ಹಸಿರು ಕಾಗದದಲ್ಲೋ ಕ್ರೀಡಾ ಪತ್ರಿಕೆ ಬರುತ್ತಿತ್ತು. ಪಂದ್ಯ ಮುಗಿದು ಹೆಚ್ಚು ಹೊತ್ತಾಗುವ ಮೊದಲೇ ಬೀದಿಯಲ್ಲಿ ಕೂಗಿ ಮಾರುತ್ತಿದ್ದರು. ಪಂದ್ಯ ನಡೆಯುತ್ತಿರುವಾಗಲೇ ಬರೆದ ವರದಿಯಾದ್ದರಿಂದ ಮೊದಲ ಅರ್ಧದ ಥ್ರೋ-ಇನ್‌ಗಳ ವರ್ಣನೆಯೇ ಜಾಸ್ತಿ. ಕೊನೇ ನಿಮಿಷದ ಗೆಲುವಿನ ಗೋಲಿಗೆ ಒಂದು ಸಾಲು ಸಿಕ್ಕರೆ ಪುಣ್ಯ.

ಈಗ ಎಲ್ಲ ಮೊಬೈಲಿನಲ್ಲೇ ಸಿಗುತ್ತದೆ ಅಲ್ವಾ? ಸಿಗುತ್ತದೆ, ಇಂಗ್ಲೆಂಡಿನವರನ್ನು ಬಿಟ್ಟು ಉಳಿದವರಿಗೆ. ಅಲ್ಲಿ ಶನಿವಾರ ಮಧ್ಯಾಹ್ನ 2.45ರಿಂದ 5.15ರವರೆಗೆ ಟಿವಿಯಲ್ಲಿ ನೇರ ಪ್ರಸಾರ ಮಾಡುವ ಹಾಗಿಲ್ಲ. ಅರವತ್ತರ ದಶಕದಿಂದ ಬಂದ ಪದ್ಧತಿ. ಜನ ಮನೇಲಿ ಕೂತರೆ ಸಣ್ಣ ಕ್ಲಬ್ಬುಗಳ ಗ್ಯಾಲರಿ ಖಾಲಿಯಾಗುತ್ತದೆ ಅನ್ನುವ ಕಾಳಜಿ. ಒಳ್ಳೇ ಕಾಳಜಿಯೇ. ಆದರೆ ಅದೇ ಪಂದ್ಯ ಸಾವಿರಾರು ಮೈಲಿ ದೂರದಲ್ಲಿ ಸೋಫಾ ಮೇಲೆ ಬಿದ್ದುಕೊಂಡಿರುವ ನಮಗೆ ನೇರವಾಗಿ ಕಾಣಿಸುತ್ತದೆ. ಸ್ಟೇಡಿಯಂ ಗೋಡೆಗೆ ಗೋಡೆ ಹತ್ತಿಕೊಂಡು ಮನೆ ಇರುವವನಿಗೆ ಗೋಲಿನ ಕೂಗಾಟ ಮಾತ್ರ ಕೇಳಿಸುತ್ತದೆ.

ಅಂದಮಾತ್ರಕ್ಕೆ ಆಗಿನ ಕ್ಲಬ್ಬುಗಳೇನು ಸತ್ಯಹರಿಶ್ಚಂದ್ರನ ತುಂಡುಗಳಲ್ಲ. 1986ರಲ್ಲಿ ಕ್ಲಬ್‌ಕಾಲ್ ಅಂತ ಒಂದು ಫೋನ್ ಸೇವೆ ಬಂತು. 'ಯಾವ ದೊಡ್ಡ ಸ್ಟ್ರೈಕರ್ ನಮ್ಮ ಕ್ಲಬ್ ಸೇರುತ್ತಿದ್ದಾನೆ? ಕರೆ ಮಾಡಿ!' ಅಂತ ಆಸೆ ಹುಟ್ಟಿಸುವ ಸಾಲು. ಕರೆ ಮಾಡಿದರೆ ನಿಮಿಷಕ್ಕಿಷ್ಟು ಅಂತ ದುಬಾರಿ ಮೀಟರ್. ಆ ಕಡೆ ರೆಕಾರ್ಡ್ ಮಾಡಿದ ದನಿ, ಅವಸರವೇ ಇಲ್ಲ. ಮೊದಲು ಜೂನಿಯರ್ ತಂಡದ ಫಲಿತಾಂಶ. ಆಮೇಲೆ ಯಾರದೋ ಹಿಮ್ಮಡಿ ನೋವಿನ ವಿವರ. ಸ್ಟ್ರೈಕರ್ ವಿಷಯ ಕಟ್ಟಕಡೆಗೆ, ಅದೂ 'ಮ್ಯಾನೇಜರ್ ಏನೂ ಹೇಳಲಿಲ್ಲ' ಅಂತ. ತಿಂಗಳ ಕೊನೆಗೆ ಫೋನ್ ಬಿಲ್ ನೋಡಿ ಅಪ್ಪಂದಿರು ಹುಡುಗರ ಬೆನ್ನು ಮುರಿದದ್ದೇ ಬಂತು. ಇವತ್ತಿನ ವರ್ಗಾವಣೆ ವದಂತಿ ಅಂಗಡಿಗಳೆಲ್ಲ ಇದರ ಮೊಮ್ಮಕ್ಕಳು.

ಜಾಹೀರಾತಿನಲ್ಲಿ ತೋರಿಸದ ಇನ್ನೂ ಕೆಲವು ನೆನಪುಗಳಿವೆ. ಲಿವರ್‌ಪೂಲ್‌ನ ಕಾಪ್ ಟೆರೇಸಿನಲ್ಲಿ, ಅಂದರೆ ಸೀಟಿಲ್ಲದೆ ನಿಂತು ನೋಡುವ ಮೆಟ್ಟಿಲುಗಳಲ್ಲಿ, ಜನ ಎಷ್ಟು ಒತ್ತಾಗಿ ನಿಲ್ಲುತ್ತಿದ್ದರೆಂದರೆ ಶೌಚಾಲಯಕ್ಕೆ ಹೋಗಲು ಆಗುತ್ತಿರಲಿಲ್ಲವಂತೆ, ಪತ್ರಿಕೆಯನ್ನು ಸುರುಳಿ ಸುತ್ತಿ ಅಲ್ಲೇ ಕೆಲಸ ಮುಗಿಸುತ್ತಿದ್ದರಂತೆ. ಮುಂದೆ ನಿಂತವನ ಕಾಲು ಬೆಚ್ಚಗಾಗುತ್ತಿತ್ತು. ಹಳಬರು ಇದನ್ನು ನಗುನಗುತ್ತಾ ಹೇಳುತ್ತಾರೆ. ಕ್ಲಬ್ಬಿನ ಅಂಗಡಿಯವರು ಇದನ್ನಿನ್ನೂ ಬಾಟಲಿಗೆ ತುಂಬಿ ಮಾರಲು ಶುರು ಮಾಡಿಲ್ಲ, ಅಷ್ಟೇ ಸಮಾಧಾನ.

ಬ್ರಾಡ್‌ಫರ್ಡ್ ಊರಿನ ಸ್ಟೇಡಿಯಮ್ಮಿನ ಕಥೆಗೆ ನಗು ಬರುವುದಿಲ್ಲ. 1985ರ ಮೇ 11ರಂದು ಅಲ್ಲಿನ ಮರದ ಸ್ಟ್ಯಾಂಡಿಗೆ ಬೆಂಕಿ ಬಿದ್ದು 56 ಜನ ಸತ್ತರು. ಸ್ಟ್ಯಾಂಡಿನ ಕೆಳಗೆ ವರ್ಷಗಟ್ಟಲೆ ಕಸ ತುಂಬಿಕೊಂಡಿತ್ತು. ಆಮೇಲೆ ಆ ಕಸದಲ್ಲಿ 1968ರ ಒಂದು ಪತ್ರಿಕೆ ಸಿಕ್ಕಿತು. ಹಳೇ ನಾಣ್ಯದ ಲೆಕ್ಕದಲ್ಲಿ ಬೆಲೆ ಅಚ್ಚಾಗಿದ್ದ ಕಡಲೆಕಾಯಿ ಪೊಟ್ಟಣ ಸಿಕ್ಕಿತು. ಬ್ರಿಟನ್ನು ಆ ನಾಣ್ಯ ಬಿಟ್ಟಿದ್ದೇ 1971ರಲ್ಲಿ. ಅಂದರೆ ಅಷ್ಟು ವರ್ಷ ಯಾರೂ ಒಂದು ಸಲ ಬಗ್ಗಿ ಗುಡಿಸಿರಲಿಲ್ಲ. ಇದೂ ಹಳೇ ಕಾಲದ ವಸ್ತುವೇ ಸ್ವಾಮಿ. ಇದನ್ನೂ ಚೌಕಟ್ಟು ಹಾಕಿಸಿ ಕ್ಲಬ್ಬುಗಳ ಅಂಗಡಿಯಲ್ಲಿ ನೇತುಹಾಕಬೇಕು.

ನಾಲ್ಕು ವರ್ಷಕ್ಕೆ ಶೆಫೀಲ್ಡಿನ ಹಿಲ್ಸ್‌ಬರೋ ಸ್ಟೇಡಿಯಂ. 1989ರ ಏಪ್ರಿಲ್ 15. ಹಿಂದಿನಿಂದ ನೂಕುನುಗ್ಗಲು, ಮುಂದೆ ಕಬ್ಬಿಣದ ಬೇಲಿ. ಆ ದಿನದ ಗಾಯಕ್ಕೆ 97 ಜನ ಬಲಿಯಾದರು. ಕುಡಿದು ಬಂದ ಅಭಿಮಾನಿಗಳದ್ದೇ ತಪ್ಪು ಅಂತ ಸುಳ್ಳು ಹಬ್ಬಿಸಿದರು. ಅದು ಸುಳ್ಳು, ಇದು ಕಾನೂನುಬಾಹಿರ ಸಾವು ಅಂತ ತೀರ್ಪು ಬರಲು 2016 ಆಗಬೇಕಾಯಿತು. ಮಕ್ಕಳನ್ನು ಕಳೆದುಕೊಂಡ ಎಷ್ಟೋ ಅಪ್ಪ ಅಮ್ಮಂದಿರು ಅಷ್ಟರಲ್ಲಿ ತೀರಿಹೋಗಿದ್ದರು.

ದುರಂತದ ನಂತರ ನ್ಯಾಯಮೂರ್ತಿ ಟೇಲರ್ 1990ರ ಜನವರಿಯಲ್ಲಿ ಅಂತಿಮ ವರದಿ ಕೊಟ್ಟರು. ನಿಲ್ಲುವ ಟೆರೇಸ್ ತೆಗೆಯಿರಿ, ಎಲ್ಲರಿಗೂ ಸೀಟು ಹಾಕಿ ಅಂದರು. ಕ್ಲಬ್ಬುಗಳು ಸೀಟು ಹಾಕಿದವು. ಆದರೆ ಅದೇ ವರದಿಯಲ್ಲಿ ಇನ್ನೊಂದು ಮಾತೂ ಇತ್ತು. ಈಗ ನಿಂತು ನೋಡುವವರ ಜೇಬಿಗೆ ಒಗ್ಗುವಂತೆ ಸೀಟಿನ ದರ ಇಡಬಹುದು ಅಂತ. ಉದಾಹರಣೆಗೆ ಗ್ಲಾಸ್ಗೋದ ಐಬ್ರಾಕ್ಸ್ ಸ್ಟೇಡಿಯಂ ತೋರಿಸಿದ್ದರು. ಅಲ್ಲಿ ನಿಲ್ಲಲು 4 ಪೌಂಡ್, ಕೂರಲು 6 ಪೌಂಡ್. ವ್ಯತ್ಯಾಸ ಎರಡೇ ಪೌಂಡ್. ಈ ಪುಟವನ್ನು ಮಾತ್ರ ಯಾರೂ ಓದಲಿಲ್ಲ. ಸೀಟಿನ ಪುಟ ಓದಿದರು, ದರದ ಪುಟ ಹರಿದು ಬಿಸಾಕಿದರು. 1992ರಲ್ಲಿ ಪ್ರೀಮಿಯರ್ ಲೀಗ್ ಹುಟ್ಟಿತು, ಟಿವಿ ದುಡ್ಡು ಹೊಳೆಯಾಗಿ ಹರಿಯಿತು, ಟಿಕೆಟ್ ದರ ಮಾತ್ರ ಇಳಿಯುವ ದಾರಿಯನ್ನೇ ಮರೆಯಿತು. ಸತ್ತವರ ಹೆಸರಿನಲ್ಲಿ ಬಂದ ಸುಧಾರಣೆಯನ್ನು ಬಳಸಿಕೊಂಡೇ ಅವರಂಥ ಜನರನ್ನು ಸ್ಟೇಡಿಯಮ್ಮಿನಿಂದ ಆಚೆ ಹಾಕಿದರು. ಇದಕ್ಕೆ ತಮಾಷೆಯ ಮಾತು ಹುಡುಕುವುದಕ್ಕೂ ನನಗೆ ಮನಸ್ಸಿಲ್ಲ. ನಾಚಿಕೆಗೇಡು.

2016ರಲ್ಲಿ ಲಿವರ್‌ಪೂಲ್ ಹೊಸ ಸ್ಟ್ಯಾಂಡಿನಲ್ಲಿ 77 ಪೌಂಡಿನ ಟಿಕೆಟ್ ತರಲು ಹೊರಟಿತು. ಸಂಡರ್‌ಲೆಂಡ್ ವಿರುದ್ಧದ ಪಂದ್ಯದಲ್ಲಿ ಸರಿಯಾಗಿ 77ನೇ ನಿಮಿಷಕ್ಕೆ ಸಾವಿರಾರು ಜನ ಎದ್ದು ಹೊರಟರು. ಆಗ ತಂಡ 2-0 ಮುಂದಿತ್ತು. ಪಂದ್ಯ ಮುಗಿದಾಗ 2-2. ಮಾಲೀಕರು ಕೆಲವೇ ದಿನಗಳಲ್ಲಿ ಕ್ಷಮೆ ಕೇಳಿ ದರ ವಾಪಸ್ ತೆಗೆದುಕೊಂಡರು. ಎಲ್ಲರಿಗೂ ಪಾಠವಾಯಿತು ಅಂದುಕೊಂಡಿರಾ? 2024ರ ಕೊನೆಗೆ ಮ್ಯಾಂಚೆಸ್ಟರ್ ಯುನೈಟೆಡ್, ಅದೂ ಸೀಸನ್ ನಡುವೆ, ಸದಸ್ಯರ ಟಿಕೆಟ್‌ಗಳಿಗೆ ಒಂದೇ ದರ ಮಾಡಿತು, 66 ಪೌಂಡ್. ಮಕ್ಕಳಿಗೂ ಅಷ್ಟೇ, ಮುದುಕರಿಗೂ ಅಷ್ಟೇ. ಎಂಥಾ ಸಮಾನತೆ! ವಿಡಿಯೋದ ಆ ಅಜ್ಜ ಮೊಮ್ಮಗ ಯಾಕೆ ಗೇಟಿನ ಹೊರಗೇ ಉಳಿದರು ಅಂತ ಈಗ ಗೊತ್ತಾಯಿತಲ್ಲ, ಆ ದರದಲ್ಲಿ ಇಬ್ಬರಿಗೆ 132 ಪೌಂಡ್ ಆಗುತ್ತಿತ್ತು.

ಪೌಂಡಿನ ಲೆಕ್ಕ ಬಂತು, ಇದನ್ನೂ ಕೇಳಿ. ಬರಿ ಅಂತ ಒಂದು ಕ್ಲಬ್, ಮ್ಯಾಂಚೆಸ್ಟರ್ ಪಕ್ಕದಲ್ಲಿ, 1885ರಲ್ಲಿ ಹುಟ್ಟಿದ್ದು. 1903ರ ಎಫ್ಎ ಕಪ್ ಫೈನಲ್ಲಿನಲ್ಲಿ ಡರ್ಬಿ ಕೌಂಟಿಯನ್ನು 6-0ಯಿಂದ ಸೋಲಿಸಿತ್ತು, ಫೈನಲ್ ದಾಖಲೆ. 2018ರ ಕೊನೆಯಲ್ಲಿ ಈ ಕ್ಲಬ್ ಒಂದು ಪೌಂಡಿಗೆ ಕೈ ಬದಲಾಯಿತು. ಹೌದು, ಒಂದೇ. ದೊಡ್ಡ ಕ್ಲಬ್ಬಿನ ಒಂದು ಜೆರ್ಸಿಯ ಬೆಲೆಗೆ ಇಂಥವು ಹತ್ತಾರು ಬರುತ್ತಿದ್ದವು. 2019ರ ಮೇ ತಿಂಗಳಲ್ಲಿ ಪಕ್ಕದ ಮ್ಯಾಂಚೆಸ್ಟರ್ ಸಿಟಿ ವಾಟ್‌ಫರ್ಡನ್ನು 6-0ಯಿಂದ ಸೋಲಿಸಿ ಆ ದಾಖಲೆಯನ್ನು ಸರಿಗಟ್ಟಿತು. ಆಗಸ್ಟ್‌ನಲ್ಲಿ ಬರಿಯನ್ನು ಲೀಗಿನಿಂದಲೇ ಹೊರಹಾಕಿದರು, ದುಡ್ಡಿನ ಲೆಕ್ಕ ಸರಿಯಾಗಿ ಕೊಡಲಿಲ್ಲವೆಂದು. ಆಟಗಾರರು ಆ ವರ್ಷವಷ್ಟೇ ಮೇಲಿನ ಡಿವಿಷನ್‌ಗೆ ಗೆದ್ದು ಬಂದಿದ್ದರು. ಲೆಕ್ಕ ಕೆಡಿಸಿದ್ದು ಮಾಲೀಕರು, ಕ್ಲಬ್ ಕಳೆದುಕೊಂಡಿದ್ದು ಊರಿನವರು.

ಅವರಿಗಿಂತ ಮುಂಚೆ ವಿಂಬಲ್ಡನ್‌ನವರು. 1988ರಲ್ಲಿ ಲಿವರ್‌ಪೂಲನ್ನು ಸೋಲಿಸಿ ಎಫ್ಎ ಕಪ್ ಗೆದ್ದ ಕ್ಲಬ್ಬನ್ನು ಮೂವರ ಸಮಿತಿಯೊಂದು 2002ರಲ್ಲಿ ಮಿಲ್ಟನ್ ಕೀನ್ಸ್ ಅನ್ನುವ ಬೇರೆ ಊರಿಗೆ ಸಾಗಿಸಲು ಒಪ್ಪಿಗೆ ಕೊಟ್ಟಿತು. ಅಭಿಮಾನಿಗಳು ತಲೆ ಮೇಲೆ ಕೈ ಹೊತ್ತು ಕೂರಲಿಲ್ಲ. ಊರಿನ ಬಯಲಲ್ಲಿ ಆಟಗಾರರನ್ನು ಆರಿಸಿ ಹೊಸ ಕ್ಲಬ್ ಕಟ್ಟಿದರು, ಒಂಬತ್ತು ವರ್ಷದಲ್ಲಿ ಲೀಗಿಗೆ ವಾಪಸ್ ಬಂದರು. ಕಾರ್ಡಿಫ್‌ನಲ್ಲಿ ಬೇರೆ ತಮಾಷೆ. 'ನೀಲಿಹಕ್ಕಿಗಳು' ಅಂತ ಅಡ್ಡಹೆಸರಿರುವ ತಂಡಕ್ಕೆ ಮಾಲೀಕರು 2012ರಲ್ಲಿ ಕೆಂಪು ಅಂಗಿ ತೊಡಿಸಿದರು. 2015ರಲ್ಲಿ ಹಕ್ಕಿಗಳಿಗೆ ಮತ್ತೆ ನೀಲಿ ಬಂತು. ಲೀಡ್ಸ್ ಯುನೈಟೆಡ್ 2018ರಲ್ಲಿ ಶತಮಾನೋತ್ಸವಕ್ಕೆಂದು ಹೊಸ ಲಾಂಛನ ತೋರಿಸಿತು, ಎದೆಗೆ ಮುಷ್ಟಿ ಒತ್ತಿಕೊಂಡ ಮನುಷ್ಯ. ಜನ ನೋಡಿ ಎದೆಯುರಿ ಮಾತ್ರೆಯ ಜಾಹೀರಾತು ಅಂದರು. 10,000 ಜನರ ಅಭಿಪ್ರಾಯ ಕೇಳಿದ್ದೇವೆ ಅಂತ ಕ್ಲಬ್ ಹೇಳಿತ್ತು. ಆ ಪುಣ್ಯಾತ್ಮರಲ್ಲಿ ಒಬ್ಬರಾದರೂ ಯಾರ ಕಣ್ಣಿಗಾದರೂ ಬಿದ್ದಿದ್ದರೆ ಹೇಳಿ.

ಊರೆಲ್ಲಾ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುವ ಹಾಗೆ, 2025ರಲ್ಲಿ ಬ್ರಿಟನ್ ಇದಕ್ಕೊಂದು ಕಾನೂನು ತಂದಿದೆ. ಸ್ವತಂತ್ರ ನಿಯಂತ್ರಕರು ಬಂದಿದ್ದಾರೆ. ಇನ್ನು ಮೇಲೆ ಲಾಂಛನ, ತವರು ಪಂದ್ಯದ ಜೆರ್ಸಿ ಬಣ್ಣ ಬದಲಾಯಿಸಬೇಕಾದರೆ ಅಭಿಮಾನಿಗಳ ಬೆಂಬಲ ಬೇಕು. ಬಹಳ ಒಳ್ಳೇದು. ಟಿಕೆಟ್ ದರ? ಅದಕ್ಕೆ ಮಿತಿಯೇನೂ ಇಲ್ಲ, ಅಭಿಮಾನಿಗಳ ಜೊತೆ ಸಮಾಲೋಚನೆ ಮಾಡಿದರೆ ಸಾಕು. ಮಾಡುತ್ತಾರೆ ಬಿಡಿ. ಕರೆಸುತ್ತಾರೆ, ಕೂರಿಸುತ್ತಾರೆ, ಚಹಾ ಬಿಸ್ಕತ್ತು ಕೊಟ್ಟು ಎಲ್ಲವನ್ನೂ ಬರೆದುಕೊಳ್ಳುತ್ತಾರೆ, ಆಮೇಲೆ ಮೊದಲೇ ಅಚ್ಚು ಹಾಕಿಸಿಟ್ಟ ದರಪಟ್ಟಿ ಕೈಗೆ ಕೊಟ್ಟು ಕಳಿಸುತ್ತಾರೆ.