ಸ್ಪಷ್ಟನೆ: ಕ್ಲೋರಿನ್ ವಾಸನೆ ಬಂದರೆ ನೀರು ಕೆಟ್ಟಿದೆ ಎಂದಲ್ಲ
'ಮಹಿಳಾ ಸಂಘದವರು ಮಾರುವ ನೀರಿಗೆ ಕ್ಲೋರಿನ್ ವಾಸನೆ, ಕುಡಿಯಬೇಡಿ. ಟಿಡಿಎಸ್ ಕಡಿಮೆ ಇದ್ದ ನೀರೇ ಶುದ್ಧ' ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು.

ಟಿಡಿಎಸ್ ಮೀಟರ್ ತೋರಿಸುವುದು ನೀರಿನಲ್ಲಿ ಕರಗಿದ ಲವಣಗಳ ಅಂದಾಜನ್ನು ಮಾತ್ರ, ಅದೂ ವಿದ್ಯುತ್ ವಾಹಕತೆಯ ಲೆಕ್ಕದಲ್ಲಿ. ರೋಗಾಣು ಅದರ ಕಣ್ಣಿಗೆ ಬೀಳುವುದೇ ಇಲ್ಲ. ನೀರಿನ ಘಟಕ ನಡೆಸುವ ಸಂಘದ ಹೆಂಗಸರು ಪುಟ್ಟ ನಳಿಕೆಗೆ ನೀರು ತುಂಬಿ, ಕ್ಲೋರಿನ್ ಇದ್ದರೆ ಬಣ್ಣ ತರುವ ಡಿಪಿಡಿ ಮಾತ್ರೆ ಹಾಕಿ, ಗುಲಾಬಿ ಬಣ್ಣ ಎಷ್ಟು ಗಾಢವಾಯಿತೆಂದು ಬಣ್ಣದ ಪಟ್ಟಿಗೆ ಹಿಡಿದು ನೋಡುತ್ತಾರಲ್ಲ, ಅದು ಉಳಿಕೆ ಕ್ಲೋರಿನ್ ಪರೀಕ್ಷೆ, ಅಂದರೆ ರೋಗಾಣು ಕೊಂದ ಮೇಲೂ ನೀರಿನಲ್ಲಿ ಉಳಿದ ಕ್ಲೋರಿನ್ ಎಷ್ಟೆಂದು ನೋಡುವುದು. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿದ್ದರೆ, ಮನೆಗೆ ಒಯ್ದ ಕೊಡದಲ್ಲೂ ನೀರಿಗೆ ಕಾವಲಿರುತ್ತದೆ. ಆ ಸಣ್ಣ ವಾಸನೆಗೆ ದಯವಿಟ್ಟು ಹೆದರಬೇಡಿ.

ಸಂಘದವರು ನೀರಿಗೆ ಹಣ ಪಡೆಯುವುದೂ ಮೋಸವಲ್ಲ. ಫಿಲ್ಟರ್, ವಿದ್ಯುತ್, ರಿಪೇರಿ, ದುಡಿದವರ ಕೂಲಿ ಎಲ್ಲದರ ಖರ್ಚೂ ಅದರಿಂದಲೇ ಹುಟ್ಟಬೇಕು. ಅನುಮಾನವಿದ್ದರೆ ಪರೀಕ್ಷೆಯ ದಾಖಲೆ ಕೇಳಿ ನೋಡಿ.