ಫೋನಿನಲ್ಲಿ ಹದಗೊಂಡ ಅಂಬರ್ ಏಲ್

1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವಂತಿಲ್ಲವಾದ್ದರಿಂದ, ಬಸವನಗುಡಿಯ ನಮ್ಮ ಮನೆಯಲ್ಲಿ ಬಿಯರ್ ತಯಾರಿಕೆ ಬಾಯಿಮಾತಿನಲ್ಲಷ್ಟೇ ನಡೆಯುತ್ತದೆ. ಮಾಡುವವರು ಅಮೆರಿಕದಲ್ಲಿರುವ ಅಳಿಯಂದಿರು. ಅಲ್ಲಿಯ ಒಕ್ಕೂಟ ಸರ್ಕಾರ 1978ರಲ್ಲೇ ಮನೆಬಳಕೆಯ ಬಿಯರಿಗೆ ಅನುಮತಿ ಕೊಟ್ಟಿದೆ. ಒಂದು ಹನಿಯನ್ನೂ ಬಾಯಿಗಿಟ್ಟವಳಲ್ಲದಿದ್ದರೂ ಸಲಹೆ ಕೊಡುವವಳು ನಾನು.

ಆ ಅಧಿಕಾರ ನನಗೆ ಬಂದದ್ದು ರಾಗಿಯಿಂದ. ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ, ಹುರಿದು ಬೀಸಿದ ರಾಗಿ ಮಾಲ್ಟ್ ಆಗುವಂತೆ ಬಾರ್ಲಿಯೂ ಮೊಳೆತ ಮೇಲೆಯೇ ಮಾಲ್ಟ್ ಆಗುತ್ತದೆ. ಪಿಷ್ಟವನ್ನು ಸಕ್ಕರೆಯಾಗಿಸುವ ಕಿಣ್ವಗಳು ಮೊಳೆಯುವಾಗ ಸಿದ್ಧವಾಗುತ್ತವೆ. ಮಾಲ್ಟನ್ನು ಬಿಸಿನೀರಿನಲ್ಲಿ ನೆನೆಸಿದಾಗ ಸಿಗುವ ಸಕ್ಕರೆನೀರನ್ನು ಬತ್ತಿಸಿದ ಪಾಕವೇ ಅಳಿಯಂದಿರು ಡಬ್ಬಿಯಲ್ಲಿ ತರುವ ಮಾಲ್ಟ್ ಎಕ್ಸ್‌ಟ್ರಾಕ್ಟ್. ಇದನ್ನು ಸೋಮಾರಿಗಳ ದಾರಿ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ, ಏಕೆಂದರೆ ಕಾಳಿನ ಕೆಲಸ ಆಮೇಲೂ ಉಳಿದಿರುತ್ತದೆ. 19 ಲೀಟರ್ ಅಂಬರ್ ಏಲ್ ಎಂಬ ಬಗೆಯ ಬಿಯರಿಗೆ ಪಾಕ ಮೂರು ಕಿಲೋ ಬೇಕಾದರೆ ಕ್ರಿಸ್ಟಲ್ ಮಾಲ್ಟ್ ಅರ್ಧ ಕಿಲೋ ಸಾಕು. ಆದರೆ ಕೆಂಗಂದು ಬಣ್ಣವೂ ಕ್ಯಾರಮೆಲ್ಲಿನ ಘಮವೂ ಬಹುಪಾಲು ಈ ಅರ್ಧ ಕಿಲೋದ್ದೇ. ಹಸಿ ಮೊಳಕೆಯನ್ನು ತೇವವಿರುವಾಗಲೇ ಬಿಸಿಯಲ್ಲಿಟ್ಟು ಆಮೇಲೆ ಹುರಿಯುವುದರಿಂದ ಸಿಪ್ಪೆಯೊಳಗೇ ಪಿಷ್ಟ ಸಕ್ಕರೆಯಾಗಿ ಗಟ್ಟಿಯಾಗಿರುತ್ತದೆ. ಆದ್ದರಿಂದ ತರಿಯಾಗಿ ಒಡೆದು, ಬಟ್ಟೆಚೀಲದಲ್ಲಿ ಕಟ್ಟಿ, 68 ಡಿಗ್ರಿಯ ನೀರಿನಲ್ಲಿ ಅರ್ಧ ಗಂಟೆ ನೆನೆಸಿದರಾಯಿತು. 77 ಡಿಗ್ರಿ ದಾಟಿದರೆ ಸಿಪ್ಪೆಯ ಒಗರು ಇಳಿಯುತ್ತದೆ. ಚೀಲವನ್ನು ಹಿಂಡಬಾರದೆನ್ನುವವರೂ ಹಿಂಡಿದರೇನು ಎನ್ನುವವರೂ ಇದ್ದಾರೆ. ದಿನವೂ ಹುಣಸೆಹಣ್ಣು ಹಿಂಡುವ ನನ್ನ ಕೈ ಎರಡನೆಯವರ ಪಕ್ಷ.

ಪಾಕ ಬೆರೆಸಿ ಹಾಪ್ಸ್ ಹೂವಿನೊಡನೆ ಒಂದು ಗಂಟೆ ಕುದಿಸಬೇಕು: ಮೊದಲು ಹಾಕಿದ್ದು ಕಹಿ ಕೊಡುತ್ತದೆ, ಕೊನೆಗೆ ಹಾಕಿದ್ದು ಪರಿಮಳ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದ ಬೆಂಗಳೂರಿನಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುವುದರಿಂದ ಇಲ್ಲಾಗಿದ್ದರೆ ಕಹಿ ತುಸು ಕಡಿಮೆಯೇ ಇಳಿಯುತ್ತಿತ್ತು. ಆದರೆ ತಣಿಸಿ ಯೀಸ್ಟ್ ಹಾಕಿದ ಮೇಲೆ ಬೇಕಾಗುವ 20 ಡಿಗ್ರಿಯ ಆಸುಪಾಸಿನ ತಂಪು ಡಿಸೆಂಬರಿನಲ್ಲಿ ನಮ್ಮ ನಡುಮನೆಯಲ್ಲಿ ಪುಕ್ಕಟೆ ಸಿಗುತ್ತದೆ. ಅಳಿಯಂದಿರು ಅದಕ್ಕಾಗಿ ನೆಲಮಾಳಿಗೆಗೆ ಇಳಿಯುತ್ತಾರೆ.

ಮೊನ್ನೆ ಅವರ ಕರೆ ಬಂತು: "ಅತ್ತೆ, ಗುಳ್ಳೆ ನಿಂತಿದೆ. ಬಾಟಲಿಗೆ ತುಂಬಿಬಿಡಲಾ?"

ಗುಳ್ಳೆಯನ್ನು ನಂಬುವಂತಿಲ್ಲ; ದ್ರವದಲ್ಲಿ ಸಕ್ಕರೆ ಎಷ್ಟು ಉಳಿದಿದೆಯೆಂದು ಸಾಂದ್ರತೆಯಿಂದ ತಿಳಿಸುವ ಹೈಡ್ರೋಮೀಟರಿನ ಅಳತೆ ಎರಡು ಮೂರು ದಿನ ಒಂದೇ ಆಗಿ ನಿಲ್ಲಬೇಕು. ಹುದುಗದ ಸಕ್ಕರೆ ಉಳಿದಿದ್ದರೆ ಯೀಸ್ಟ್ ಬಾಟಲಿಯೊಳಗೂ ಅನಿಲ ಬಿಡುತ್ತಲೇ ಹೋಗಿ ಗಾಜು ಒಡೆಯುತ್ತದೆ.

"ನಾಡಿದ್ದು ಮತ್ತೆ ಅಳೆದು ನೋಡಿ," ಎಂದೆ.

"ಶನಿವಾರ ಸ್ನೇಹಿತರು ಬರುತ್ತಾರಲ್ಲ?"

"ಮಜ್ಜಿಗೆ ಕೊಡಿ."