ಜ್ವರ ಎದ್ದ ಮೇಲಿನ ಮೊದಲ ಸೊಪ್ಪು

ಕೊರೊನಾ ಕಾಲದ ರಾತ್ರಿ ಕರ್ಫ್ಯೂ ತೆಗೆದದ್ದು 2021ರ ನವೆಂಬರ್ 5ರಂದು, ದೀಪಾವಳಿಯ ಗಲಾಟೆಯ ನಡುವೆಯೇ. ಅಂದಿನಿಂದ ನಮ್ಮ ಶಿಡ್ಲಘಟ್ಟದಲ್ಲಿ ಸಿಕ್ಕವರೆಲ್ಲ ‘ಇನ್ನೇನು, ಎಲ್ಲ ಮೊದಲಿನಂತಾಯಿತಲ್ಲ’ ಎನ್ನುತ್ತಿದ್ದರು. ಅವರ ಮಾತು ಪೂರ್ತಿ ಸುಳ್ಳೂ ಆಗಿರಲಿಲ್ಲ. ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಗೂಡಿನಿಂದ ನೂಲು ತೆಗೆಸುವ ರೀಲರುಗಳು ಗೂಡು ತುಂಬಿದ ಜಾಲರಿಗಳ ಸುತ್ತ ಮುಗಿಬೀಳುತ್ತಿದ್ದರು, 2020ರ ಬೇಸಿಗೆಯಲ್ಲಿ ನೆಲ ಕಚ್ಚಿದ್ದ ಗೂಡಿನ ದರ ಏರಿತ್ತು, ಚಿಕ್ಕಬಳ್ಳಾಪುರದ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ, ಮದುವೆ ಮನೆಗಳಲ್ಲಿ ಮಾಸ್ಕು ಗದ್ದಕ್ಕಿಳಿದು ಎಷ್ಟೋ ದಿನವಾಗಿತ್ತು. ದೇಶದಲ್ಲಿ ಹಾಕಿದ ಲಸಿಕೆ ಅಕ್ಟೋಬರ್ 21ಕ್ಕೆ 100 ಕೋಟಿ ಡೋಸ್ ದಾಟಿದ ಮೇಲಂತೂ ಜನರಿಗೆ ಧೈರ್ಯ ಬಂದಿತ್ತು. ಆದರೆ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುವ ನನಗೆ ಆ ‘ಎಲ್ಲ’ ಎಂಬ ಮಾತಿನ ಮೇಲೆಯೇ ತಕರಾರಿತ್ತು.

ಆ ವರ್ಷ ಶಾಲೆಯ ಬಾಗಿಲು 9ನೇ ತರಗತಿಯಿಂದ ಮೇಲಿನವರಿಗೆ ಆಗಸ್ಟ್ 23ರಂದು, 6ರಿಂದ 8ರವರೆಗಿನವರಿಗೆ ಸೆಪ್ಟೆಂಬರ್ 6ರಂದು ತೆರೆಯಿತು. ಎಲ್ಲರಿಗಿಂತ ಚಿಕ್ಕವರ ಸರದಿ ಬಂದದ್ದು ಅಕ್ಟೋಬರ್ 25ಕ್ಕೆ. ಎಂದರೆ, 2020ರಲ್ಲಿ ಒಂದನೇ ತರಗತಿಗೆ ಹೆಸರು ಬರೆಸಿದ ಮಗು ತರಗತಿಯ ಕೋಣೆಯೊಳಗೆ ಮೊದಲ ಸಲ ಕೂತದ್ದು ಎರಡನೇ ತರಗತಿಯಲ್ಲಿ. ನಡುವೆ ವಿದ್ಯಾಗಮ ಎಂಬ ಸರ್ಕಾರಿ ಯೋಜನೆಯ ಹೆಸರಿನಲ್ಲಿ ಅರಳಿಕಟ್ಟೆಯ ಮೇಲೆ ಕೆಲವು ವಾರ ಮಕ್ಕಳನ್ನು ಸೇರಿಸಿಕೊಂಡಿದ್ದೆವು. 2020ರ ಅಕ್ಟೋಬರಿನಲ್ಲಿ ಅದೂ ನಿಂತಿತು.

ಮೊದಲ ದಿನ ಹುಡುಗನೊಬ್ಬನಿಗೆ ಹೆಸರು ಬರೆಯಲು ಹೇಳಿದೆ. ಅವನ ತಾಯಿ ದಿನವಿಡೀ ರೀಲಿಂಗ್ ಘಟಕದ ಬಿಸಿನೀರಿನಲ್ಲಿ ಕೈಯದ್ದಿ ಗೂಡಿನ ಎಳೆ ಹುಡುಕುವವಳು; ಮನೆಯ ಒಂದೇ ಫೋನು ತಂದೆಯ ಜೇಬಿನಲ್ಲಿ ರಾತ್ರಿ ಮನೆ ಸೇರುತ್ತದೆ. ಅವನು ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದು ‘ಮ’ ಅಕ್ಷರವನ್ನು ಬಾಲದ ಕಡೆಯಿಂದ ಎಳೆಯತೊಡಗಿದ, ಅರ್ಧಕ್ಕೆ ನಿಲ್ಲಿಸಿ ನನ್ನ ಮುಖ ನೋಡಿದ. “ಮಿಸ್, ಫೋನಲ್ಲಾದ್ರೆ ಒತ್ತಿ ತೋರಿಸ್ತೀನಿ” ಎಂದ.

ಪ್ರತಿ ವರ್ಷ ಶಾಲೆ ಶುರುವಾದಾಗಿನ ಸೇತುಬಂಧ ಎಂಬ ಪಾಠ ಬೇಸಿಗೆ ರಜೆಯಲ್ಲಿ ಮರೆತದ್ದನ್ನು ನೆನಪಿಸಲು ಇರುವಂಥದು. ಶಾಲೆ ಮುಚ್ಚಿದ್ದ 19 ತಿಂಗಳ ಹಳ್ಳಕ್ಕೆ ಅಷ್ಟು ಸಣ್ಣ ಸೇತುವೆ ಎಟುಕುವಂತಿರಲಿಲ್ಲ. ಆದರೂ ಪುಸ್ತಕ ಮುಗಿಸುವ ಅವಸರ ಆಗಲೇ ಶುರುವಾಗಿತ್ತು.

ನಮ್ಮ ಅತ್ತೆ ರೇಷ್ಮೆ ಹುಳು ಸಾಕುವವರು. ಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ಹಿಪ್ಪುನೇರಳೆ ಸೊಪ್ಪು ಮುಟ್ಟದೆ, ತಲೆಯೆತ್ತಿ ಅಲುಗಾಡದೆ ಇದ್ದು, ಹಳೆಯ ಚರ್ಮ ಕಳಚಿಕೊಂಡು ಏಳುತ್ತದೆ. ಎಲ್ಲವೂ ಒಂದೇ ಗಳಿಗೆಗೆ ಏಳುವುದಿಲ್ಲ. ಮೊದಲು ಎದ್ದವು ಹಸಿವಿನಿಂದ ಹಾಸಿಗೆಯ ಮೇಲೆಲ್ಲ ಹರಿದಾಡುತ್ತವೆ. ಮದುವೆಯಾದ ಹೊಸತರಲ್ಲಿ ನಾನು ಕನಿಕರಪಟ್ಟು ಸೊಪ್ಪಿನ ಬುಟ್ಟಿ ಎತ್ತಿಕೊಂಡಾಗ ಅತ್ತೆ ಕೈ ಹಿಡಿದು, “ಇರಮ್ಮ, ಇನ್ನೂ ಎದ್ದಿಲ್ಲ” ಎಂದಿದ್ದರು. ಎದ್ದವಕ್ಕೆ ಆಗಲೇ ಸೊಪ್ಪು ಹಾಕಿದರೆ ಅವು ದಪ್ಪವಾಗುತ್ತಾ ಹೋಗುತ್ತವೆ, ಏಳದವು ಸೊಪ್ಪಿನಡಿ ಸಿಕ್ಕಿ ನರಳುತ್ತವೆ, ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ ಇಡೀ ಬೆಳೆ ಏರುಪೇರಾಗುತ್ತದೆ. ನೂರಕ್ಕೆ 95ರಷ್ಟು ಹುಳು ಎದ್ದ ಮೇಲೆಯೇ ಮೊದಲ ಸೊಪ್ಪು ಎಂಬುದು ಇಲ್ಲಿಯ ಸಾಕಣೆದಾರರಿಗೆಲ್ಲ ಗೊತ್ತಿರುವ ಲೆಕ್ಕ.

ಮನೆಯಲ್ಲಿ ಎರಡು ಫೋನು, ಪಕ್ಕದಲ್ಲಿ ಕೂರಲು ಓದುಬಲ್ಲ ತಾಯಿ ಇದ್ದ ಮಕ್ಕಳು ಆ ಹುಳುಗಳಂತೆ ಮೊದಲೇ ಎದ್ದಾಗಿತ್ತು. ನಮ್ಮ ಏಳನೇ ತರಗತಿಯ ಇಬ್ಬರು ಹುಡುಗರು ಮಾತ್ರ ಗೂಡು ಬೇಯಿಸುವ ಕೆಲಸಕ್ಕೆ ಹೋದವರು ಇನ್ನೂ ಬಂದಿರಲಿಲ್ಲ. ಕರೆಯಲು ಮನೆಗೆ ಹೋದರೆ ಸಂಘದ ಸಾಲದ ಕಂತಿನ ಮಾತು ಬರುತ್ತಿತ್ತು. ಮಕ್ಕಳು ಹುಳುಗಳಲ್ಲ, ಮುಂದಿರುವವರನ್ನು ಕಟ್ಟಿಹಾಕಬೇಕೆಂದೂ ನಾನು ಹೇಳುತ್ತಿಲ್ಲ. ಅವರಿಗೆ ಕಥೆ ಪುಸ್ತಕ ಕೊಡುತ್ತೇನೆ, ಪಕ್ಕದವರಿಗೆ ಓದಿ ಹೇಳಲು ಕೂರಿಸುತ್ತೇನೆ. ಹಲಗೆಯ ಮೇಲಿನ ಪಾಠ ಮಾತ್ರ ಕೊನೆಯವರು ಎಲ್ಲಿದ್ದಾರೋ ಅಲ್ಲಿಂದಲೇ ಶುರುವಾಗಬೇಕು.

ಆಗಿನ ಪೋಷಕರ ಸಭೆಯಲ್ಲಿ ಇದನ್ನೇ ಹೇಳಿದೆ. ಜ್ವರದ ವಿಷಯವನ್ನು ಈ ಊರಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ, ಎಲ್ಲರೂ ತಲೆಯಾಡಿಸಿದರು. ಹಿಂದೆ ನಿಂತಿದ್ದ ರೀಲರೊಬ್ಬರು ನಗುತ್ತಾ, “ಸರಿ ಮಿಸ್, ಆದ್ರೆ ಹುಳಕ್ಕೆ ಮಾರ್ಚ್‌ನಲ್ಲಿ ಪರೀಕ್ಷೆ ಇರಲ್ವಲ್ಲ” ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಎರಡನೇ ತರಗತಿಯ ಪುಸ್ತಕವನ್ನು ಡಿಸೆಂಬರ್ ಮುಗಿಯುವ ತನಕ ತೆರೆಯುವುದಿಲ್ಲ ಎಂದಷ್ಟೇ ಹೇಳಿ ಸಭೆ ಮುಗಿಸಿದೆ.